ಅಂಚೆಮನೆಯ ಚೌಕಟ್ಟು

ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಮರುಳಸಿದ್ದ ಸೌಟು ಹಿಡಿದೇ ಗುರುಗಳ ಮುಂದೆ ಬಂದು ನಿಂತ.

"ಬುದ್ಧೀ, ಎಲ್ಲರಿಗೂ ಇದೇ ಸೌಟಿನಲ್ಲಿ ಬಡಿಸುತ್ತೇನೆ. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ. ಆದರೂ ಕಟ್ಟಿಗೆ ಒಡೆಯುವವರು ಗೊಣಗುತ್ತಾರೆ. ಒಂದೇ ಅಳತೆಯಲ್ಲಿ ತಪ್ಪೆಲ್ಲಿ ಬಂತು?"

ಅವನಿಗೆ ನಿಜವಾಗಿಯೂ ನೋವಾಗಿತ್ತು. ತಿಂಗಳಿಡೀ ಒಂದು ಅಗುಳನ್ನೂ ಅವನು ಮುಖ ನೋಡಿ ಬಡಿಸಿರಲಿಲ್ಲ. ಗುರುಗಳು ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

"ಒಂದೂರಿನಲ್ಲಿ ಒಬ್ಬ ಅಂಚೆಯ ಅಧಿಕಾರಿಯಿದ್ದ. ನಿನ್ನ ಹಾಗೆಯೇ ಒಳ್ಳೆಯವನು. ಚೀಲದಲ್ಲಿ ಜಾಗ ಹಿಡಿಯುವುದು ಗಾತ್ರ ತಾನೇ ಎಂದು ಲೆಕ್ಕ ಹಾಕಿ, ಬಾಗಿಲಿಗೆ ಒಂದು ಮರದ ಚೌಕಟ್ಟು ತೂಗುಹಾಕಿದ. ಅದರಲ್ಲಿ ತೂರಿದ ಗಂಟಿಗೆ ಒಂದು ಕಾಸು, ತೂರದ್ದಕ್ಕೆ ನಾಲ್ಕು. ಸ್ವಂತ ಭಾವಮೈದುನನ ಗಂಟನ್ನೂ ಬಿಡದೆ ತೂರಿಸಿ ನೋಡಿದ. ಆದರೆ ಯಾವ ಗಂಟನ್ನೂ ಕೈಯಿಂದ ಎತ್ತಲಿಲ್ಲ. ಎತ್ತುವ ಕೆಲಸ ಅಂಚೆಯಾಳಿನದು.

"ಮೊಳೆ ಮಾರುವ ವರ್ತಕ ಜಾಣ. ಚೌಕಟ್ಟಿಗೆ ಸರಿಯಾಗಿ ಪೆಟ್ಟಿಗೆ ಮಾಡಿಸಿ, ಕಬ್ಬಿಣವನ್ನು ಒತ್ತಿ ತುಂಬಿದ. ಅವನ ವ್ಯಾಪಾರ ಕುದುರಿತು. ಸಾಮಾನ್ಯ ಮನೆಯವರು ಏನು ಮಾಡಬೇಕು? ಮಂಡಕ್ಕಿ ಕುಗ್ಗುವುದಿಲ್ಲ, ಕೂಸಿನ ಹಾಸಿಗೆ ಕುಗ್ಗುವುದಿಲ್ಲ. ಇದ್ದವರು ನಾಲ್ಕು ಕಾಸು ಕೊಟ್ಟರು. ಇಲ್ಲದವರು ಗಂಟು ಹಿಡಿದು ಮನೆಗೆ ಮರಳಿದರು.

"ಗೌರಿ ಹಬ್ಬ ಹತ್ತಿರ ಬಂತು. ಒಬ್ಬ ತಾಯಿ ಅರಿಶಿನ ಬಳಿದ ಜೋಡಿ ಮೊರ ತಂದಳು. ಒಳಗೆ ಒಂದು ರವಿಕೆ ಕಣ, ನಾಲ್ಕು ಬಳೆ, ಅಷ್ಟೇ. ಮಗಳಿಗೆ ಮದುವೆಯಾದ ಮೇಲಿನ ಮೊದಲ ಬಾಗಿನ. ತವರಿನ ಮೊರ ಬಾರದಿದ್ದರೆ ಅತ್ತೆಮನೆಯಲ್ಲಿ ಮಗಳು ತಲೆ ತಗ್ಗಿಸಬೇಕು. ಮೊರ ಚೌಕಟ್ಟಿನಲ್ಲಿ ತೂರಲಿಲ್ಲ. ಅವಳ ಕೈಯಲ್ಲಿದ್ದದ್ದು ಒಂದೇ ಕಾಸು.

"'ಒಂದ್ಸಲ ಎತ್ತಿ ನೋಡಿ ಸ್ವಾಮಿ, ತೂಕವೇ ಇಲ್ಲ' ಎಂದಳು.

"'ಎಲ್ಲರಿಗೂ ಒಂದೇ ಚೌಕಟ್ಟು ಕಣಮ್ಮಾ' ಎಂದ ಅಧಿಕಾರಿ. ಪಾಪ, ಅವನಿಗೂ ಕನಿಕರವಾಯಿತು. ಆದರೂ ಮೊರ ಎತ್ತಿ ನೋಡಲು ಕೈ ಮುಂದೆ ಬರಲಿಲ್ಲ.

"ಅವಳು ಜಗಲಿಯಲ್ಲಿ ಕೂತು ಮೊರ ಬಗ್ಗಿಸಲು ನೋಡಿದಳು. ಬಿದಿರು ಚಟ್ಟೆಂದಿತು. ಹೆದರಿ ಕೈ ಬಿಟ್ಟಳು, ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅಂಚೆಯಾಳು ಮೊಳೆಯ ಪೆಟ್ಟಿಗೆ ಇದ್ದ ಚೀಲವನ್ನು ಹೆಗಲಿಗೇರಿಸಿ ತತ್ತರಿಸುತ್ತ ಹೊರಬಂದ. ಮೊರಗಳನ್ನು ಎತ್ತಿ ತಲೆಯ ಮೇಲೆ ಕವುಚಿಕೊಂಡ.

"'ಇದು ಚೀಲದಲ್ಲಿಲ್ಲ ಸ್ವಾಮಿ, ಜಾಗ ಹಿಡಿಯಲ್ಲ' ಎಂದ. 'ಅಳೆಯೋರು ನೀವು, ಹೊರೋನು ನಾನು. ಆ ಪೆಟ್ಟಿಗೆ ನನ್ನ ಹೆಗಲು ಮುರೀತದೆ. ಈ ಮೊರ ನಂಗೆ ನೆರಳಾಯ್ತದೆ. ಯಾವುದು ದೊಡ್ಡದು ಅಂತ ನನ್ನ ಕೇಳಿ.' ಹಾಗೆಂದವನು ಬಿಸಿಲಿಗೆ ಇಳಿದು ನಡೆದೇಬಿಟ್ಟ. ಹಬ್ಬದ ಹಿಂದಿನ ದಿನ ಮೊರ ಮಗಳ ಕೈ ಸೇರಿತು."

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಸಿದ್ದನಿಗೆ ತಡೆಯಲಾಗಲಿಲ್ಲ. "ಅಧಿಕಾರಿ ಚೌಕಟ್ಟು ಕಿತ್ತುಹಾಕಿದನೇ, ಬುದ್ಧೀ?"

"ಅಂಚೆಯಾಳು ಹಾಗೆ ಹೋದ ಮರುದಿನ ಮೊಳೆಯ ಪೆಟ್ಟಿಗೆಯೊಂದನ್ನು ತಾನೇ ಹೊತ್ತು ಊರಬಾಗಿಲಿನವರೆಗೆ ಹೋಗಿಬಂದ. ಚೌಕಟ್ಟು ಕೀಳುವ ಯೋಚನೆ ಅವನಿಗೆ ಬಂದದ್ದು ಆಮೇಲೆ."

ಮರುಳಸಿದ್ದ ಕೈಯಲ್ಲಿದ್ದ ಸೌಟನ್ನು ನೋಡಿಕೊಂಡ. ಗುರುಗಳು ಮೆಲ್ಲಗೆ ಕೇಳಿದರು:

"ನೀನು ಎಂದಾದರೂ ಕಟ್ಟಿಗೆ ಒಡೆದು ಬಂದು ಪಂಕ್ತಿಯಲ್ಲಿ ಕೂತಿದ್ದೀಯಾ?"