ಮಂತ್ರಿ ಪರಿಮಳಪ್ಪನ ಸೆರೆವಾಸ

ಒಂದು ಕಾಡಿನಲ್ಲಿ ಗುಂಗುರಯ್ಯ ಎಂಬ ಕರಡಿ ರಾಜನಾಗಿದ್ದ. ಪರಿಮಳಪ್ಪ ಎಂಬ ಪುನುಗು ಬೆಕ್ಕು ಅವನ ಮಂತ್ರಿ. ರಾಜನಿಗೆ ಮೈ ತುಂಬ ಕೂದಲು, ಮಂತ್ರಿಗೆ ತಲೆ ತುಂಬ ಉಪಾಯ.

ಒಮ್ಮೆ ಸುತ್ತಲಿನ ಕಾಡುಗಳ ರಾಜರೆಲ್ಲ ಹೊಳೆಯ ದಂಡೆಯಲ್ಲಿ ಸಭೆ ಸೇರಿದರು. "ಬಾಯಿ ಬಿಟ್ಟು ಮಾತಾಡಿದ್ದಕ್ಕೆ ಯಾರನ್ನೂ ಸೆರೆಗೆ ಹಾಕುವುದಿಲ್ಲ. ತಪ್ಪು ಮಾಡಿದರೆಂದು ಹಿಡಿದರೂ ಮೊದಲು ಅವರ ಮಾತು ಕೇಳುತ್ತೇವೆ. ಸೆರೆಯಲ್ಲಿದ್ದವರಿಗೂ ಹೊಟ್ಟೆ ತುಂಬ ಊಟ ಕೊಡುತ್ತೇವೆ" ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು. ಎಲ್ಲರಿಗಿಂತ ಜೋರಾಗಿ ಕೂಗಿ ಮಾತು ಕೊಟ್ಟವನು ಗುಂಗುರಯ್ಯ. ಅವನ ಉತ್ಸಾಹಕ್ಕೆ ಮೆಚ್ಚಿ ಸಭೆಯವರು ಅವನನ್ನು ಎಲ್ಲಕ್ಕಿಂತ ಎತ್ತರದ ಬಂಡೆಯ ಮೇಲೆ ಕೂರಿಸಿದರು. ಅವನಿಗೆ ಹಿಗ್ಗೋ ಹಿಗ್ಗು.

ರಾಜ ಕಾಡಿಗೆ ಮರಳಿದ. ಮುಳ್ಳುಹಂದಿ ಸೂಜವ್ವ ಎದುರು ಬಂದು, "ರಾಜರೇ, ನಿಮ್ಮ ಗೊರಕೆಗೆ ನನ್ನ ಮರಿಗಳು ಕಣ್ಣು ಮುಚ್ಚುತ್ತಿಲ್ಲ. ಸ್ವಲ್ಪ ದೂರ ಮಲಗಿ" ಎಂದಳು.

ರಾಜ ಅವಳನ್ನು ಹಿಡಿಸಿ ಗವಿಯೊಳಕ್ಕೆ ತಳ್ಳಿಸಿ, ಬಾಗಿಲಿಗೆ ಬಂಡೆ ಉರುಳಿಸಿದ.

"ಪ್ರಭು, ಕೊಟ್ಟ ಮಾತು?" ಎಂದು ಪಕ್ಕದಲ್ಲಿದ್ದ ಮೊಲವೊಂದು ಕೇಳಿತು. ಅದನ್ನೂ ಒಳಕ್ಕೆ ತಳ್ಳಿಸಿದ.

ರಾಜನಿಗೇ ಸ್ವಲ್ಪ ಅಳುಕಾಯಿತು. ಪರಿಮಳಪ್ಪ ಮೀಸೆ ನೇವರಿಸಿಕೊಂಡು ಹೇಳಿದ: "ತಾವು ಮಾತು ಕೊಟ್ಟದ್ದು ಹೊಳೆಯ ದಂಡೆಯಲ್ಲಿ, ಪ್ರಭು. ಇಲ್ಲಿ ಹೊಳೆ ಎಲ್ಲಿದೆ?"

"ಹೌದಲ್ಲ!" ಎಂದ ರಾಜ. ಅಳುಕು ಹೋಯಿತು.

ಪರಿಮಳಪ್ಪ ಗವಿಯ ಕಾವಲಿಗೆ ಗುಟುರ, ಮಟುರ ಎಂಬ ಎರಡು ಕಾಡುಹಂದಿಗಳನ್ನು ನಿಲ್ಲಿಸಿದ. "ಒಳಗಿರುವವರು ಏನೇ ಹೇಳಲಿ, ಕಿವಿಗೆ ಹಾಕಿಕೊಳ್ಳಬೇಡಿ. ಬಂಡೆ ಸರಿಸಬೇಡಿ" ಎಂದು ಅಪ್ಪಣೆ ಕೊಟ್ಟ. ಹಂದಿಗಳಿಗೆ ನೆನಪಿಟ್ಟುಕೊಳ್ಳುವುದು ಕಷ್ಟ. ಆದರೆ ಒಮ್ಮೆ ನೆನಪಿಟ್ಟುಕೊಂಡರೆ ಮರೆಯುವುದು ಇನ್ನೂ ಕಷ್ಟ.

ಕೆಲವು ದಿನ ಕಳೆದವು. ಕಾಗೆಯೊಂದು ಸುದ್ದಿ ತಂದಿತು. ಕೊಟ್ಟ ಮಾತು ಹೇಗೆ ನಡೆಯುತ್ತಿದೆ ಎಂದು ನೋಡಲು ಸಭೆಯವರು ಕೊಕ್ಕರೆ ನೀಳಮ್ಮನನ್ನು ಕಳುಹಿಸುತ್ತಿದ್ದಾರಂತೆ!

ರಾಜ ನಡುಗಿದ. "ಇನ್ನು ಎತ್ತರದ ಬಂಡೆಯಿಂದ ನನ್ನನ್ನು ಇಳಿಸುತ್ತಾರೆ!"

"ನಾನಿಲ್ಲವೇ?" ಎಂದ ಪರಿಮಳಪ್ಪ. ಅವನು ಮೊಲವನ್ನು ಹೊರಗೆ ಕರೆಸಿ, ಕೊಕ್ಕರೆಯಮ್ಮ ಬಂದಾಗ ಹೇಳಬೇಕಾದ್ದನ್ನು ಅಭ್ಯಾಸ ಮಾಡಿಸಿದ.

"ಇಲ್ಲಿ ಊಟ ಹೇಗಿದೆ?"

"ಯಾವ ಊಟ?" ಎಂದಿತು ಮೊಲ.

"ಹಾಗಲ್ಲ! ಊಟ ಚೆನ್ನಾಗಿದೆ ಅನ್ನು."

"ಚೆನ್ನಾಗಿದೆ ಅನ್ನು."

ಪರಿಮಳಪ್ಪ ತಲೆ ಚಚ್ಚಿಕೊಂಡ. ಇವರನ್ನು ನಂಬಿದರೆ ಕೆಲಸ ಕೆಟ್ಟಿತು, ಸೆರೆಯಾಳಿನ ವೇಷ ತಾನೇ ಹಾಕಬೇಕು ಎಂದುಕೊಂಡ. ಸೂಜವ್ವ, ಮೊಲ ಇಬ್ಬರನ್ನೂ ರಾಜನ ಕೈಯಲ್ಲೇ ಬಿದಿರು ಮೆಳೆಯ ನಡುವೆ ಕಟ್ಟಿಹಾಕಿಸಿದ. ಮೈಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ. ಹಂದಿಗಳು ನೀರು ಕುಡಿಯಲು ಹೋದಾಗ ಗವಿಯೊಳಗೆ ಸೇರಿ, ಹುಲ್ಲಿನ ಹಾಸಿಗೆ ಹಾಸಿ, ಬಾಳೆಹಣ್ಣು, ಹಲಸಿನ ತೊಳೆ ಜೋಡಿಸಿಕೊಂಡು ಕೂತ. ರಾಜನೇ ಬಂದು ಬಂಡೆ ಉರುಳಿಸಿದ. ಈ ಗುಟ್ಟು ತಿಳಿದವರು ಅವರಿಬ್ಬರೇ.

ನೀಳಮ್ಮ ಬಂದಳು. ಉದ್ದನೆಯ ಕತ್ತನ್ನು ಬಂಡೆಯ ಸಂದಿಯಲ್ಲಿ ತೂರಿಸಿ ನೋಡಿದಳು.

"ಏನಪ್ಪಾ, ಹೇಗಿದ್ದೀಯ?"

"ಮನೆಯಲ್ಲೂ ಇಷ್ಟು ಸುಖ ಇರಲಿಲ್ಲ ಅಜ್ಜಿ!" ಎಂದ ಪರಿಮಳಪ್ಪ, ಹಲಸಿನ ತೊಳೆ ಅಗಿಯುತ್ತ.

"ಇವನು ಮಾಡಿದ ತಪ್ಪೇನು?" ಎಂದು ಅವಳು ರಾಜನನ್ನು ಕೇಳಿದಳು.

ಅದನ್ನು ಇಬ್ಬರೂ ಯೋಚಿಸಿರಲಿಲ್ಲ! ಗಾಬರಿಯಲ್ಲಿ ರಾಜ, "ಜೇನು... ನನ್ನ ಜೇನು ಕದ್ದ!" ಎಂದುಬಿಟ್ಟ.

"ಕಳ್ಳನಿಗೂ ಇಷ್ಟು ಉಪಚಾರವೇ! ಭೇಷ್! ಹುಣ್ಣಿಮೆಯವರೆಗೆ ಇಲ್ಲೇ ಇದ್ದು ದಿನಾ ನೋಡುತ್ತೇನೆ" ಎಂದು ನೀಳಮ್ಮ ಗವಿಯ ಮೇಲೆಯೇ ಕಾಲು ಮಡಚಿ ಕೂತುಬಿಟ್ಟಳು.

ಪರಿಮಳಪ್ಪ ಉಳಿದ ತೊಳೆಗಳನ್ನು ಎಣಿಸತೊಡಗಿದ.

ಮರುದಿನ ಹಣ್ಣು ಮುಗಿಯಿತು. ನೀಳಮ್ಮ ಮೀನು ಹಿಡಿಯಲು ಹೋದಾಗ ಹಂದಿಗಳು ಎಂದಿನಂತೆ ಒಣಗಿದ ಎಲೆ, ಕೆಸರು ನೀರು ಒಳಗೆ ತಳ್ಳಿದವು. ಮೇಲಿನಿಂದ ಬಾವಲಿಯ ಹಿಕ್ಕೆ ಟಪ್ಪೆಂದು ಮೂಗಿನ ಮೇಲೆ ಬಿತ್ತು. ಸೂಜವ್ವ ಇದನ್ನೇ ತಿಂದು ಇಲ್ಲೇ ಮಲಗಿದ್ದಳಲ್ಲ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಮುಖ ಹುಳ್ಳಗಾಯಿತು.

ರಾಜ ಬಂದಾಗ, "ಪ್ರಭು, ಬಿಡಿಸಿ" ಎಂದು ಪಿಸುಗುಟ್ಟಿದ.

"ಅಜ್ಜಿ ಹೋಗಲಿ, ಸ್ವಲ್ಪ ತಡೆದುಕೋ" ಎಂದು ರಾಜ ಕಣ್ಣು ಮಿಟುಕಿಸಿ ಹೋದ. ಅವನಿಗೆ ಎತ್ತರದ ಬಂಡೆಯದೇ ಚಿಂತೆ.

ಹೊಟ್ಟೆ ಚುರುಗುಟ್ಟತೊಡಗಿತು. ಕೊನೆಗೆ ಪರಿಮಳಪ್ಪನಿಗೆ ತಡೆಯಲಾಗಲಿಲ್ಲ. "ಬಂಡೆ ಸರಿಸಿರೋ! ನಾನು ಮಂತ್ರಿ ಪರಿಮಳಪ್ಪ!" ಎಂದು ಅರಚಿದ.

ಗುಟುರ ನಕ್ಕ. "ಮಣ್ಣು ಮೆತ್ತಿದ ಮಂತ್ರಿಯಂತೆ!"

"ಕಿವಿಗೆ ಹಾಕಿಕೊಳ್ಳಬೇಡ ಕಣೋ" ಎಂದ ಮಟುರ. "ಮೊನ್ನೆ ಆ ಮುಳ್ಳುಹಂದಿಯೂ ಹೀಗೇ ಕೂಗುತ್ತಿತ್ತು, ಮರಿಗಳು, ಮರಿಗಳು ಅಂತ."

ಗವಿಯ ಮೇಲಿಂದ ಉದ್ದನೆಯ ಕತ್ತು ಕೆಳಗೆ ಇಳಿಯಿತು. "ಯಾವ ಮುಳ್ಳುಹಂದಿ?" ಎಂದು ಕೇಳಿದಳು ನೀಳಮ್ಮ.

ಹಂದಿಗಳು ಬಂಡೆಗೆ ಇನ್ನಷ್ಟು ಒತ್ತಿ ನಿಂತವು.

ಒಳಗಿನಿಂದ ಪರಿಮಳಪ್ಪ ಕೂಗಿದ: "ಅಜ್ಜೀ! ಮಾತು ಕೊಟ್ಟಿದ್ದಾರೆ! ಸೆರೆಗೆ ಹಾಕುವ ಮೊದಲು ನನ್ನ ಮಾತು ಕೇಳಬೇಕು! ನಾನು ಜೇನು ಕದ್ದಿಲ್ಲ!"

ಗಲಾಟೆಗೆ ಕಾಡಿನ ಪ್ರಾಣಿಗಳೆಲ್ಲ ಬಂದು ನೆರೆದವು. ರಾಜನೂ ಏದುಸಿರು ಬಿಡುತ್ತ ಓಡಿ ಬಂದ. "ಇವನ ಮಾತು ಇಲ್ಲಿಯವರೆಗೆ ಯಾರೂ ಕೇಳಿಲ್ಲವೇ?" ಎಂದಳು ನೀಳಮ್ಮ. ರಾಜ ಹಂದಿಗಳ ಕಡೆ ನೋಡಿದ, ಹಂದಿಗಳು ರಾಜನ ಕಡೆ ನೋಡಿದವು. "ಹಾಗಾದರೆ ಈಗ ಕೇಳೋಣ. ಹೇಳಪ್ಪಾ."

ಹೊರಗೆ ಬರಬೇಕಾದರೆ ನಿಜ ಹೇಳಲೇಬೇಕು. ಪರಿಮಳಪ್ಪ ಎಲ್ಲವನ್ನೂ ಕಕ್ಕಿದ. ಗೊರಕೆಯ ಮಾತು, ಮೊಲದ ಅಭ್ಯಾಸ, ಬಿದಿರು ಮೆಳೆ, ಕೆಂಪು ಮಣ್ಣು, ಒಂದೂ ಬಿಡಲಿಲ್ಲ. ಮಂಗಗಳು ಆಗಲೇ ಮೆಳೆಯ ಕಡೆಗೆ ಓಡಿದವು. ಸೂಜವ್ವನ ಮರಿಗಳು ಅವುಗಳ ಹಿಂದೆ ಉರುಳುತ್ತ ಹೋದವು.

ರಾಜ ಹಲ್ಲು ಕಡಿದ. "ಕೊಕ್ಕರೆಯಮ್ಮಾ, ನೀನು ನನ್ನನ್ನು ಏನು ಮಾಡಬಲ್ಲೆ? ನಿನಗೆ ಹಲ್ಲೂ ಇಲ್ಲ, ಪಂಜವೂ ಇಲ್ಲ."

"ಇಲ್ಲಪ್ಪಾ" ಎಂದಳು ನೀಳಮ್ಮ ಶಾಂತವಾಗಿ. "ಕಂಡದ್ದನ್ನು ಕಂಡ ಹಾಗೆ ಎಲ್ಲ ಕಾಡುಗಳಿಗೂ ಹೇಳುತ್ತೇನೆ, ಅಷ್ಟೆ. ಆದರೆ ಇಲ್ಲಿ ನಿಂತಿರುವ ನಿನ್ನ ಪ್ರಜೆಗಳಿಗೆ ಹಲ್ಲೂ ಇದೆ, ಪಂಜವೂ ಇದೆ, ಈಗ ವಿಷಯವೂ ಗೊತ್ತಾಗಿದೆ."

ರಾಜ ಸುತ್ತ ನೋಡಿದ. ಕಾಡೆಮ್ಮೆ ಕೊಂಬು ತಗ್ಗಿಸಿತ್ತು. ಆನೆ ಸುಮ್ಮನೆ ಕಿವಿ ಬೀಸುತ್ತಿತ್ತು. ಅವನು ತಾನೇ ಭುಜ ಕೊಟ್ಟು ಬಂಡೆಯನ್ನು ಸರಿಸಿದ.

ಮಣ್ಣು, ಹಿಕ್ಕೆ ಮೆತ್ತಿದ ಪರಿಮಳಪ್ಪ ತೆವಳಿ ಹೊರಗೆ ಬಂದ. ಅದೇ ಹೊತ್ತಿಗೆ ಸೂಜವ್ವ, ಮೊಲ ಇಬ್ಬರೂ ಮೆಳೆಯಿಂದ ಬಂದರು. ಮರಿಗಳು ಸೂಜವ್ವನ ಹೊಟ್ಟೆಗೆ ಅಂಟಿಕೊಂಡಿದ್ದವು.

"ಇವನನ್ನು ಮತ್ತೆ ಗವಿಗೇ ತಳ್ಳಿ!" ಎಂದು ಮಂಗಗಳು ಕಿರುಚಿದವು.

"ಬೇಡ, ನಿಲ್ಲಿ" ಎಂದಳು ಸೂಜವ್ವ. "ತನ್ನ ಬಿಡುಗಡೆಗೆ ಹೇಳುವುದನ್ನೆಲ್ಲ ಹೇಳಿದನಂತೆ. ನನ್ನನ್ನೂ ನನ್ನ ಮರಿಗಳನ್ನೂ ಅಗಲಿಸಿದ ರಾಜನಿಗೆ ಯಾಕೆ ನೆರವಾದ ಅಂತ ಇನ್ನೂ ಹೇಳಿಲ್ಲ. ಮೊದಲು ಅದನ್ನು ಕೇಳೋಣ."

ಎಲ್ಲರೂ ಕಿವಿಗೊಟ್ಟರು. ಆನೆ ಕಿವಿ ಬೀಸುವುದನ್ನೂ ನಿಲ್ಲಿಸಿತು.

ಪರಿಮಳಪ್ಪ ಬಾಯಿ ತೆರೆದ. ತಲೆ ತುಂಬ ತಡಕಾಡಿದ. ಒಂದೇ ಒಂದು ಉಪಾಯವೂ ಸಿಗಲಿಲ್ಲ.

ನೀತಿ: ಹೊರಗಿನವರ ಮುಂದೆ ಕೊಟ್ಟ ಮಾತನ್ನು ನಮ್ಮವರ ಮೇಲೆ ಅಧಿಕಾರ ನಡೆಸುವಾಗಲೂ ಪಾಲಿಸಬೇಕು. ಇನ್ನೊಬ್ಬರಿಗೆ ನ್ಯಾಯ ಸಿಗದಂತೆ ಬಾಗಿಲು ಮುಚ್ಚುವವನಿಗೆ, ತನಗೆ ನ್ಯಾಯ ಬೇಕಾದಾಗಲೂ ಅದೇ ಬಾಗಿಲು ಮುಚ್ಚಿರುತ್ತದೆ.