ಎಲ್ಲ ಮಕ್ಕಳೂ ಬರೆದ ಒಂದೇ ತಪ್ಪು

ಮುನಿಗಳಿಗೆ ಆಹಾರ ನೀಡುವವರು ಬಾಗಿಲಲ್ಲಿ ನಿಂತು ‘ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧ’ ಎಂದು ಹೇಳಬೇಕು. ಹೇಳಿದ್ದು ನಿಜವಾಗಿರಬೇಕು. ಇದು ನಿಯಮ. ಕೃಷ್ಣಾ ತೀರದ ಆ ಊರಿನ ಬಸದಿ ಓಣಿಯಲ್ಲಿ ಆ ವರ್ಷ ಈ ನಿಯಮ ಮುರಿಯದ ಮನೆ ಒಂದೂ ಇರಲಿಲ್ಲ.

ಪರಮಪೂಜ್ಯ ಶ್ರುತಭದ್ರ ಮುನಿಮಹಾರಾಜರು ಅಲ್ಲಿ ಚಾತುರ್ಮಾಸಕ್ಕೆ ನೆಲೆಸಿದ್ದರು. ಬಸದಿಯ ಹಿಂದೊಂದು ಕೋಣೆ, ಮರದ ಹಲಗೆ, ನವಿಲುಗರಿಯ ಪಿಂಛಿ, ಕಮಂಡಲು, ಅವರದೆಂಬುದು ಅಷ್ಟೇ. ದಿನಕ್ಕೊಮ್ಮೆ ಆಹಾರಕ್ಕೆ ಹೊರಡುವರು. ‘ಇಂಥ ಗುರುತು ಕಂಡಲ್ಲೇ’ ಎಂದು ಮನಸ್ಸಿನಲ್ಲಿ ಮಾಡಿಕೊಂಡ ಸಂಕಲ್ಪ ಕೂಡಿಬಂದ ಬಾಗಿಲಲ್ಲಿ ನಿಲ್ಲುವರು. ಅಲ್ಲಿ ಶುದ್ಧಿ ತಪ್ಪಿದರೆ ಅಂದು ಉಪವಾಸ.

ನಿವೃತ್ತ ಹೆಡ್‌ಮಾಸ್ತರ ತವನಪ್ಪನವರು ದಿನವೂ ಮಡಿಯುಟ್ಟು, ಕಲಶ ಹಿಡಿದು ಕಾದರು. ಗುರುಗಳು ಒಮ್ಮೆಯೂ ಅವರ ಬಾಗಿಲಲ್ಲಿ ನಿಂತಿರಲಿಲ್ಲ. ಚಾತುರ್ಮಾಸ ಮುಗಿಯಲು ಬಂದಿತ್ತು. ಮಾಸ್ತರರಿಗೋ ಮಾಗಿದ ವಯಸ್ಸು. ಈ ಪುಣ್ಯ ಇನ್ನೊಮ್ಮೆ ಒದಗೀತೆಂಬ ಭರವಸೆ ಇರಲಿಲ್ಲ.

ಅಷ್ಟರಲ್ಲಿ ಬಸದಿಯಲ್ಲಿ ಮಕ್ಕಳ ಧರ್ಮಪರೀಕ್ಷೆ ನಡೆಯಿತು. ಪ್ರಶ್ನೆ ತೆಗೆದವರು, ಕಾವಲು ನಿಂತವರು, ತಿದ್ದಿದವರು ಎಲ್ಲ ತವನಪ್ಪನವರೇ. ಯಾರನ್ನೂ ನಂಬುವ ಆಸಾಮಿಯಲ್ಲ. ಮಕ್ಕಳನ್ನು ದೂರದೂರ ಕೂರಿಸಿ, ಅಂಗೈ ಬಿಡಿಸಿ, ಅಂಗಿಯ ತೋಳು ಮಡಿಸಿ ನೋಡಿದ್ದರು. ಆದರೂ ಬರೆದವರಿಗೆಲ್ಲ ಪೂರ್ಣ ಅಂಕ! ಉತ್ತರಗಳೂ ಅಕ್ಷರಕ್ಕಕ್ಷರ ಒಂದೇ.

ಮನೆಮನೆಗೆ ಹೋಗಿ ವಿಚಾರಿಸಿದರು. “ನಮ್ಮ ಹುಡುಗ ಕಣ್ಣಾಗ ಎಣ್ಣಿ ಹಾಕ್ಕೊಂಡು ಓದ್ಯಾನ್ರಿ” ಎಂಬುದೇ ಎಲ್ಲರ ಮಾತು. ಎದುರುಮನೆಯ ಚಂದವ್ವ ಮಾತ್ರ ಸೊಂಟಕ್ಕೆ ಕೈಯಿಟ್ಟಳು: “ಏನ್ರಿ ಮಾಸ್ತರ, ನಿಮ್ಮ ಮೊಮ್ಮಗಳು ಪೂರಾ ಮಾರ್ಕ್ಸ್ ತಗದ್ರ ಶಾಣ್ಯಾತನ, ನನ್ನ ಮಗ ತಗದ್ರ ಕಾಪಿ ಏನ್?”

ಬಸದಿಯ ಪೂಜೆಯ ಪಂಡಿತರ ಮೇಲೆ, ಪ್ರಶ್ನೆಪತ್ರಿಕೆಯ ಪ್ರತಿ ತೆಗೆದ ಝೆರಾಕ್ಸ್ ಅಂಗಡಿಯವನ ಮೇಲೆ, ಕೊನೆಗೆ ಬಸದಿಯ ಕಸ ಗುಡಿಸುವವಳ ಮೇಲೂ ಅವರಿಗೆ ಗುಮಾನಿ ಹುಟ್ಟಿತು. ಚತುರ್ದಶಿಯ ಮಧ್ಯಾಹ್ನ ಗುರುಗಳ ಬಳಿ ಹೋದರು. ಅಂದು ಪರ್ವದ ಉಪವಾಸ, ಗುರುಗಳು ನೀರನ್ನೂ ಮುಟ್ಟಿರಲಿಲ್ಲ.

“ಮಹಾರಾಜ್, ಓಣಿಗೆ ಓಣಿನ ಕಳ್ಳರ ಸಂತಿ ಆಗೇತ್ರಿ. ಯಾರೋ ಪ್ರಶ್ನೆ ಹೊರಗ ಹಾಕ್ಯಾರ. ಪ್ರವಚನದಾಗ ತಾವು ಒಂದ್ ಮಾತು ಕೇಳ್ರಿ, ಖರೇ ಹೊರಗ ಬರತೈತಿ.”

“ಮಕ್ಕಳು ಬರೆದ ಒಂದು ಉತ್ತರ ಹೇಳಿರಿ, ಮಾಸ್ತರ.”

“ಶ್ರೇಯಾಂಸನಾಥ ತೀರ್ಥಂಕರರ ಲಾಂಛನ ಕೋಣ. ಎಲ್ಲಾರೂ ಅದನ್ನ ಬರದಾರ್ರಿ.”

ಗುರುಗಳು ಮುಗುಳ್ನಕ್ಕರು. “ಕೋಣ ವಾಸುಪೂಜ್ಯರದು. ಶ್ರೇಯಾಂಸರದು ಘೇಂಡಾಮೃಗ, ಮಕ್ಕಳ ಪುಸ್ತಕದಲ್ಲೂ ಹಾಗೇ ಇದೆ. ಇಷ್ಟು ಮಕ್ಕಳ ಉತ್ತರಕ್ಕೆ ಈ ಕೋಣ ಯಾರ ಮನೆಯಿಂದ ಬಂತು?”

ತವನಪ್ಪನವರಿಗೆ ತಮ್ಮ ಮನೆಮುಂದಿನ ಕಟ್ಟೆ ನೆನಪಾಯಿತು. ಮೊಮ್ಮಗಳು ಚೇಲನಾ ಮೊದಲ ಸ್ಥಾನ ಬರಲೆಂದು, ಪರೀಕ್ಷೆಗೆ ಮುಂಚೆಯೇ ಆಕೆಯನ್ನು ಆ ಕಟ್ಟೆಯ ಮೇಲೆ ಕೂರಿಸಿಕೊಂಡು ಅವವೇ ಪ್ರಶ್ನೆಗಳಿಗೆ ಉತ್ತರ ಹೇಳಿಕೊಟ್ಟವರು ತಾವೇ. ಅದೂ ಗಟ್ಟಿ ದನಿಯಲ್ಲಿ, ಪುಸ್ತಕ ತೆರೆಯದೆ, ನೆನಪಿನಿಂದ. ‘ಬರೇ ರೂಢಿಗೆ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಕೇಳಿಸಿಕೊಂಡ ಓಣಿ ಆ ಉತ್ತರಗಳನ್ನೇ ತನ್ನ ಮಕ್ಕಳಿಗೂ ಉರುಹೊಡೆಸಿ, ತೆಪ್ಪಗಿತ್ತು.

ಗುರುಗಳು ಮತ್ತೇನೂ ಕೇಳದೆ ಸಾಮಾಯಿಕದ ಧ್ಯಾನಕ್ಕೆ ಕಣ್ಣು ಮುಚ್ಚಿದರು.

ಮರುದಿನ ಆಹಾರಮುದ್ರೆಯಲ್ಲಿ ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿ, ಮೌನವಾಗಿ ಆಹಾರಕ್ಕೆ ಹೊರಟರು. ‘ನಮೋಸ್ತು, ತಿಷ್ಠ ತಿಷ್ಠ’ ಎಂದು ನಿಲ್ಲಲು ಬೇಡುವ ಕೂಗು ಓಣಿಯುದ್ದಕ್ಕೂ. ಮನೆಮನೆಯಿಂದಲೂ ನಾಲ್ಕೂ ಶುದ್ಧಿಗಳು, ಒಬ್ಬರಿಗಿಂತ ಒಬ್ಬರದು ಜೋರು. ಗುರುಗಳು ಎಲ್ಲ ಬಾಗಿಲು ದಾಟಿ ಬಂದು ತವನಪ್ಪನವರ ಮುಂದೆ ನಿಂತರು.

ಪಕ್ಕದಲ್ಲಿ ನಿಂತಿದ್ದ ಸೊಸೆಗೆ ಆನಂದಕ್ಕೆ ಕಣ್ಣಲ್ಲಿ ನೀರು ಬಂತು. ಮಾವ ಕೈಯಲ್ಲಿದ್ದ ಕಲಶವನ್ನೇ ನೋಡುತ್ತಿದ್ದರು. “ಹೇಳ್ರಿ ಮಾವಾರ, ಲಗೂನ ಹೇಳ್ರಿ. ನಿನ್ನಿಯಿಂದ ಉಪಾಸ ಅದಾರ” ಎಂದು ಆಕೆ ಪಿಸುಗುಟ್ಟಿದಳು. ನಾಲ್ಕು ಶಬ್ದ, ಜೀವಮಾನದ ಆಸೆ. ಎದುರುಮನೆಯ ಬಾಗಿಲಲ್ಲಿ ಚಂದವ್ವ ಕತ್ತು ಚಾಚಿ ನೋಡುತ್ತಿದ್ದಳು.

“ಮಹಾರಾಜ್, ಆಹಾರ ಶುದ್ಧ ಐತ್ರಿ, ನೀರು ಶುದ್ಧ ಐತ್ರಿ” ಎಂದರು ತವನಪ್ಪನವರು, ಓಣಿಗೆಲ್ಲ ಕೇಳುವಂತೆ. “ವಚನಶುದ್ಧಿ ಇಲ್ರಿ. ಪ್ರಶ್ನೆ ಹೊರಗ ಹಾಕಿದಾಂವ ನಾನ.”

ಕಲಶವನ್ನು ನೆಲಕ್ಕಿಟ್ಟು, ಕೈಮುಗಿದು, ಗುರುಗಳ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.