ಎಬ್ಬಿಸದ ಬಾಣಂತಿ

ಹೊಳೆದಂಡೆಯ ಆಶ್ರಮದಲ್ಲಿ ಸೂಲಗಿತ್ತಿ ಗೌರವ್ವ ಬಸುರಿ ಬಾಣಂತಿಯರ ಸೇವೆ ಮಾಡಿಕೊಂಡಿದ್ದಳು. ಆಕೆಯ ಬಳಿ ಕಲಿಯುತ್ತಿದ್ದವಳು ಮಲ್ಲಕ್ಕ. ಕೈ ಚುರುಕು, ಮನಸ್ಸು ಬೆಣ್ಣೆ.

ಒಂದು ಬೆಳಗ್ಗೆ ಹೊನ್ನವ್ವ ಎಂಬಾಕೆ ಏಳು ತಿಂಗಳಿಗೇ ಹಡೆದಳು. ಅಂಗೈಯಷ್ಟು ಕೂಸು. ಅಳಲೂ ತ್ರಾಣವಿಲ್ಲ, ಮೊಲೆ ಚೀಪುವುದಂತೂ ದೂರದ ಮಾತು.

ಗೌರವ್ವ ಕೂಸನ್ನು ತನ್ನ ಎದೆಗೇ ಕಟ್ಟಿಕೊಂಡಳು.

“ತಾಯಿ ಕಡೆ ಹಾಲು ಹಿಂಡಸು. ಈಗ.”

ಮಲ್ಲಕ್ಕ ಬಟ್ಟಲು ಹಿಡಿದು ಹೋಗಿ ನೋಡಿದರೆ ಹೊನ್ನವ್ವ ಸೋತು ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಬಟ್ಟಲು ಪಕ್ಕಕ್ಕಿಟ್ಟು, ಸೆರಗಿನಿಂದ ಗಾಳಿ ಬೀಸುತ್ತ ಕೂತಳು. ಕನಿಕರವೇನೋ ಹೌದು, ಆದರೆ ಮಾಡಬೇಕಾದ್ದನ್ನು ಮಾಡಗೊಡದ ಕನಿಕರ.

ಹೊತ್ತು ಇಳಿಯುವಾಗ ಗೌರವ್ವ ಬಂದಳು. ಬಟ್ಟಲು ಬರಿದಾಗಿಯೇ ಇತ್ತು.

“ಯಾಕ?”

“ಹಾಲು ಇಳಿಯೂದು ಮೂರನೇ ದಿನಕ್ಕಲ್ರೀ ಅವ್ವಾರ. ಅದಕ್ಕಿಂತ ಮೊದಲು ಬರೂದನ್ನ ನಮ್ಮೂರಾಗ ಹಿಂಡಿ ಚೆಲ್ತಾರ್ರಿ.” ಮಲ್ಲಕ್ಕ ತಲೆ ತಗ್ಗಿಸಿದಳು. “ಅದೂ ಅಲ್ಲದ, ಕೂಸು ಉಳಿಯೂ ಹಂಗ ಕಾಣೂದಿಲ್ಲ. ಸುಮ್ನ ಆಕಿಗೆ ಯಾಕ ಆಸೆ ಹಚ್ಚೂದು ಅಂತ…”

ಗೌರವ್ವ ಸಿಟ್ಟಾಗಲಿಲ್ಲ. ಮೂಲೆಯಲ್ಲಿದ್ದ ಗುದ್ದಲಿ ತಂದು ಶಿಷ್ಯೆಯ ಕೈಗಿಟ್ಟಳು.

“ಹಂಗಾರ ಹೊಳಿ ಕಡೆ ಹೋಗಿ ಕುಣಿ ತೋಡು.”

“ಅವ್ವಾರ, ಕೂಸು ಇನ್ನೂ ಉಸಿರಾಡಾಕತ್ತೈತ್ರಿ.”

“ಮುಂಜಾನಿಂದ ನೀ ತೋಡಾಕತ್ತಿದ್ದು ಮತ್ತೇನು?”

ಗುದ್ದಲಿ ಕೈಜಾರಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಮಲ್ಲಕ್ಕನಿಗೆ. ಓಡಿಹೋಗಿ ಹೊನ್ನವ್ವನನ್ನು ಎಬ್ಬಿಸಿದಳು. ಕೈ ತೊಳೆದು, ಎದೆಗೆ ಬಿಸಿನೀರಿನ ಬಟ್ಟೆ ಒತ್ತಿ, ಹಿಂಡುವುದನ್ನು ತೋರಿಸಿಕೊಟ್ಟಳು. ಎಷ್ಟೋ ಹೊತ್ತಿನ ಮೇಲೆ ಬಟ್ಟಲ ತಳದಲ್ಲಿ ನಾಲ್ಕಾರು ಹಳದಿ ಹನಿ ಕೂತವು.

“ನನ್ನ ಮುಂಜಾನೆನ ಯಾಕ ಎಬ್ಬಸಲಿಲ್ಲ, ಅಕ್ಕಾ?” ಹೊನ್ನವ್ವ ಕೇಳಿದಳು.

ಮಲ್ಲಕ್ಕ ಬಟ್ಟಲನ್ನು ಗೌರವ್ವನ ಕೈಗೆ ಕೊಟ್ಟಳು.

ಗೌರವ್ವ ಹನಿಗಳನ್ನು ಬೆರಳಿಗೆ ತಗೊಂಡು ಕೂಸಿನ ಬಾಯಿಗೆ ಸವರಿದಳು. ತುಟಿ ಒಂದಿಷ್ಟು ಅಲುಗಿತು. ಅಷ್ಟೇ.

ಮರುದಿನವೂ ಮಲ್ಲಕ್ಕ ಹಿಂಡಿಸುತ್ತಲೇ ಇದ್ದಳು. ಹನಿ ಹೆಚ್ಚಾದವು. ಆದರೆ ಕೂಸಿನ ಉಸಿರು ತಡೆತಡೆದು ಬರತೊಡಗಿತು. ಅವಳು ಗೌರವ್ವನ ಬಳಿ ಬಂದು, ತಾಯಿಗೆ ಕೇಳದ ಹಾಗೆ ಪಿಸುಗುಟ್ಟಿದಳು.

“ಇದು ಹೋಗೂದ ಖರೆ ಆದ್ರ, ಇನ್ನೂ ಹಿಂಡಸ್ಲೇನ್ರಿ?”

“ಹಿಂಡಸು. ಉಂಡು ಹೋತೋ, ಹಸಕೊಂಡು ಹೋತೋ ಅನ್ನೂದು ಕೂಸಿಗೆ ಮರೀತೈತಿ. ತಾಯಿಗೆ ಮರಿಯೂದಿಲ್ಲ.”